ಕಣ್ಣು ಮುಚ್ಚಿದರೆ ಬರುವವನು

ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದಾಗ ಉಮಾಮಹೇಶ್ವರಿ ಮೆಲ್ಲನೆ ಕಣ್ಣು ಬಿಟ್ಟಳು. ಎದುರು ಸಾಲಿನಲ್ಲಿದ್ದ ಯುವಕ ಅವಳಿಗೆ ಕಣ್ಣು ಹೊಡೆದ!

ಮಾಗಡಿಯ ಛತ್ರವೊಂದರ ಮಹಡಿಯಲ್ಲಿ ಪ್ರತಿ ಭಾನುವಾರ ನಡೆಯುವ ಧ್ಯಾನದ ಕ್ಲಾಸು ಅದು. ಮುಗಿದ ಕೂಡಲೇ ಅವಳು ಮೆಟ್ಟಿಲ ಬಳಿ ಅವನನ್ನು ತಡೆದಳು.

"ನಾಚ್ಕೆ ಆಗಲ್ವಾ ನಿಮ್ಗೆ?"

"ಅಯ್ಯೋ ಮೇಡಂ, ಕಣ್ಣು ಹೊಡೀಲಿಲ್ಲ ಕಣ್ರೀ! ಮೇಷ್ಟ್ರು ನೋಡ್ತಾವ್ರಾ ಅಂತ ಒಂದೇ ಕಣ್ಣು ಬುಟ್ಟಿದ್ದೆ. ಅಷ್ಟೊತ್ಗೆ ನೀವು ಸಿಕ್ಕಾಕ್ಕಂಡ್ರಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಅಕ್ಕ ತೀರಿಕೊಂಡ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಅವನು ಶಿವಕಿರಣ್. ಊರು ಗುಡೇಮಾರನಹಳ್ಳಿ, ಮಾಗಡಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಅವಳು ತಿಪ್ಪಸಂದ್ರದಲ್ಲಿ ಅಪ್ಪನ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ನಿದ್ದೆ ಬರದೆ, ಯೋಚನೆ ನಿಲ್ಲದೆ ಒದ್ದಾಡುತ್ತಿದ್ದವಳಿಗೆ ಡಾಕ್ಟರೇ ಈ ಕ್ಲಾಸಿಗೆ ಹೋಗು ಎಂದಿದ್ದರು.

"ಉಸಿರನ್ನ ನೋಡ್ತಾ ಇರಿ," ಎನ್ನುತ್ತಿದ್ದರು ಬೋರಲಿಂಗಯ್ಯ ಮೇಷ್ಟ್ರು. "ಮನಸ್ಸು ಕರು ಇದ್ದಂಗೆ. ಪಕ್ಕದ ಹೊಲಕ್ಕೆ ನುಗ್ತು ಅಂತ ಹೊಡೀಬ್ಯಾಡಿ. ಮೆತ್ತಗೆ ಹಿಡ್ಕಂಡ್ ಬನ್ನಿ."

ಕ್ಲಾಸಿನ ನಂತರ ಟೀ ಅಂಗಡಿಯಲ್ಲಿ ಶಿವಕಿರಣ್ ನಿಟ್ಟುಸಿರು ಬಿಟ್ಟ. "ನನ್ ಕರು ಹಗ್ಗನೇ ಕಿತ್ಕಂಡು ಹೋಗೈತೆ."

"ಎಲ್ಲಿಗೆ?"

"ತಿಪ್ಪಸಂದ್ರದ ಕಡೆಗೆ."

ಅವಳು ತಲೆ ಎತ್ತಲಿಲ್ಲ. ಟೀ ಲೋಟಕ್ಕಿಂತ ಕೆನ್ನೆಯೇ ಬಿಸಿಯಾಗಿತ್ತು.

ಬರುಬರುತ್ತಾ ನಾಲ್ಕಾರು ಉಸಿರಿನಷ್ಟು ಹೊತ್ತು ಅವಳ ಮನಸ್ಸು ನಿಲ್ಲತೊಡಗಿತು. ಆಮೇಲೆ ಅವನ ನಗು ನುಗ್ಗುತ್ತಿತ್ತು. ಅದರ ಬೆನ್ನಿಗೇ ಅಕ್ಕನ ಮಗುವಿನ ಅಳು.

ಒಂದು ಭಾನುವಾರ ಬಸ್‌ಸ್ಟಾಂಡಿನಲ್ಲಿ ಅವನು ಕೇಳಿಯೇಬಿಟ್ಟ. "ನಮ್ಮವ್ವನ್ನ ಕರ್ಕಂಡು ಬತ್ತೀನಿ. ನಿಮ್ಮಪ್ಪನ ಹತ್ರ ಮಾತಾಡ್ಲಾ?"

"ಬ್ಯಾಡಿ." ಅವಳು ಬಸ್ಸು ಬರುವ ದಾರಿಯ ಕಡೆ ನೋಡಿದಳು. "ಶ್ರಾವಣದಲ್ಲಿ ನನ್ ಮದ್ವೆ. ಭಾವನ ಜೊತೆ."

ಅಕ್ಕ ಬಿಟ್ಟುಹೋದ ಮಗು ಇವಳ ಸೆರಗು ಹಿಡಿದೇ ಮಲಗುತ್ತಿತ್ತು. ಹಿರಿಯರು ಕೇಳಿದಾಗ ಅವಳು ಹೂಂ ಅಂದಿದ್ದಳು, ಶಿವಕಿರಣನನ್ನು ನೋಡುವ ಮೊದಲೇ.

"ಬಲವಂತ ಮಾಡವ್ರಾ?"

"ಇಲ್ಲ. ಭಾವ ಒಳ್ಳೇವ್ರು. ಒಲ್ಲೆ ಅಂದ್ರೆ ಬುಟ್ಬುಡ್ತಾರೆ, ಬೇರೆ ಹೆಣ್ಣು ತತ್ತಾರೆ. ಆವಾಗ ಪಾಪು ನಂದಲ್ಲ."

"ಪಾಪೂನೂ ಕರ್ಕಂಡು ಬನ್ನಿ. ನಾನ್ ಸಾಕ್ತೀನಿ."

"ಅದರಪ್ಪ ಬದುಕವ್ರೆ ಕಿರಣ್. ಹೆಂಗೆ ಕಿತ್ಕಂಡ್ ಬರ್ಲಿ?"

ತಿಪ್ಪಸಂದ್ರದ ಬಸ್ಸು ಬಂದು ನಿಂತಿತು.

"ಒಂದೇ ಒಂದು ಹೇಳಿ. ಕಣ್ಣು ಮುಚ್ಕಂಡಾಗ ನಾನು ಬತ್ತೀನಾ?"

ಅವಳು ಮೊದಲ ಬಾರಿಗೆ ಅವನನ್ನು ಕಣ್ತುಂಬ ನೋಡಿದಳು.

"ಬತ್ತೀರಿ. ವಾಪಸ್ ಕಳ್ಸೋದು ಇನ್ನೂ ಕಲೀಲಿಲ್ಲ."

ಅವಳು ಬಸ್ಸು ಹತ್ತಿ ಕೂತಾಗ, ಕಿಟಕಿಯ ಸರಳಿನ ಮೇಲಿದ್ದ ಅವಳ ಬೆರಳನ್ನು ಅವನು ಮುಟ್ಟಿದ. ಅವಳು ಕೈ ತೆಗೆಯಲಿಲ್ಲ. ಬಸ್ಸೇ ಹೊರಟಿತು.

"ಇನ್ಮೇಲೆ ನಾನ್ ಕ್ಲಾಸ್‌ಗೆ ಬರಾಕಿಲ್ಲ," ಎಂದು ಅವನು ಜೊತೆಗೇ ನಡೆಯುತ್ತಾ ಹೇಳಿದ. "ನೀವಾದ್ರೂ ಕಲೀರಿ."

ಸಂಜೆ ಮಗಳನ್ನು ನೋಡಲು ಭಾವ ಅಶ್ವಥ್ ಬಂದ. ಬಾಗಿಲಲ್ಲೇ ನಿಂತು ಸಂಕೋಚದಿಂದ ಕೇಳಿದ.

"ಕ್ಲಾಸು ಹೆಂಗಾಯ್ತು ಉಮಾ? ಮನಸಿಗೆ ಒಸಿ ಸಮಾಧಾನ ಆಯ್ತಾ?"

"ಆಯ್ತು ಭಾವ," ಎಂದಳು ಅವಳು, ಮಗುವಿಗೆ ಅನ್ನ ಕಲಸುತ್ತಾ.