ಮೀನಿನ ಹಾಸಿಗೆಯ ಕಲ್ಲು

“ಅಜ್ಜಿ, ಸ್ಟಾಪ್! ಆ ಕಲ್ಲು ಎಲ್ಲಿಂದ ಬಂತು?” ನಿಧಿ ಕೂಗಿದಳು.

ಮನೆಯ ಹಿಂದಿನ ಪ್ಯಾಟಿಯೋ ಅಂಗಳದಲ್ಲಿ ಕೂತಿದ್ದ ಶಾಂತವ್ವಜ್ಜಿ ತಲೆ ಎತ್ತಲಿಲ್ಲ. ಐದು ನುಣುಪಾದ ಕಲ್ಲುಗಳನ್ನು ಸಾಲಾಗಿಟ್ಟು ಕುಂಕುಮ ಹಚ್ಚುತ್ತಿದ್ದಳು. ಪಕ್ಕದ ತಟ್ಟೆಯಲ್ಲಿ ಬಿಸಿಬಿಸಿ ಶೇಂಗಾ ಹೋಳಿಗೆ, ಕಡುಬು ಇದ್ದವು.

“ಕಲ್ಲು ಅನಬ್ಯಾಡ, ಪಾಂಡವರು ಅನ್ನು. ಇವತ್ತ ಶೀಗಿ ಹುಣ್ಣಿವಿ. ಹೊಲದಾಗ ಪೈರು ಬಸುರಿ ಇರ್ತಾವ, ಭೂಮಿತಾಯಿಗೆ ಬಯಕಿ ಊಟ ಹಾಕಬೇಕು. ಊರಾಗ ಆದ್ರ ಹೊಲದಾಗಿನ ಕಲ್ಲು ಪೂಜಾ ಮಾಡ್ತೀವಿ. ಈ ಅಮೆರಿಕಾದ ಕೊಲಂಬಿಯಾ ಊರಾಗ ಹೊಲ ಎಲ್ಲೈತಿ? ಎಲ್ಲಾ ಕಾರ್ ನಿಲ್ಲಿಸೋ ಜಾಗಾನ. ಅದಕ್ಕ ಹೋದ ಶನಿವಾರ ಹೊಳಿಯಾಗ ಆರಿಸ್ಕೊಂಡೆ.”

ನಿಧಿ ಒಂದು ಕಲ್ಲು ಎತ್ತಿ ತಿರುಗಿಸಿ ನೋಡಿದಳು.

ಹೋದ ಶನಿವಾರ ಅವಳ ಕ್ಲಾಸಿನವರೆಲ್ಲ ಮನೆಯವರ ಜೊತೆ ಅಣೆಕಟ್ಟಿನ ಕೆಳಗಿನ ಹೊಳೆಗೆ ಹೋಗಿದ್ದರು. ಅಲ್ಲಿರುವುದು ಟ್ರೌಟ್ ಎಂಬ ಮೀನು, ಸಾಲ್ಮನ್ ಮೀನಿನ ದಾಯಾದಿ. ಬಾಲದಿಂದ ಸಣ್ಣ ಕಲ್ಲುಗಳನ್ನು ಕೆದರಿ, ಗುಂಡಿ ಮಾಡಿ, ಅದರೊಳಗೆ ಮೊಟ್ಟೆ ಇಡುತ್ತದೆ. ಮೊದಲೆಲ್ಲ ಹೊಳೆಯೇ ಮೇಲಿನಿಂದ ಕಲ್ಲು ಉರುಳಿಸಿಕೊಂಡು ಬರುತ್ತಿತ್ತು. ಈಗ ಅಣೆಕಟ್ಟು ಅವನ್ನೆಲ್ಲ ಹಿಡಿದಿಟ್ಟುಕೊಂಡು ಕೂತಿದೆ. ಅದಕ್ಕೇ ಹೊಳೆಯ ಕೆಲಸ ನೋಡಿಕೊಳ್ಳುವ ಮಿಸ್ ಡಾನಾ ಟ್ರಕ್ಕಿನಲ್ಲಿ ಕಲ್ಲು ತರಿಸಿದ್ದರು; ಎಲ್ಲರೂ ಬಕೆಟ್ಟಿನಲ್ಲಿ ಹೊತ್ತು ನೀರಿಗೆ ಸುರಿದಿದ್ದರು. ನಿಧಿಯ ಅಂಗೈ ಇನ್ನೂ ಉರಿಯುತ್ತಿತ್ತು.

ಎಲ್ಲರೂ ಹಾಕುತ್ತಿದ್ದಾಗ ಅಜ್ಜಿ ಒಬ್ಬಳೇ ತೆಗೆದಿದ್ದಳು!

“ಅದು ಫಿಶ್‌ದು, ಅಜ್ಜಿ! ಅದ್ರಲ್ಲಿ ಎಗ್ಸ್ ಇಡತ್ತೆ. ಏನೂ ತಗೋಬೇಡಿ ಅಂತ ಮಿಸ್ ಡಾನಾ ಹೇಳಿದ್ರು.”

ಅಜ್ಜಿಯ ಕೈ ಅಲ್ಲೇ ನಿಂತಿತು. “ಶಿವನೇ! ಬಸುರಿ ಮೀನಿನ ಹಾಸಿಗಿ ಕಿತ್ಕೊಂಡು ಬಂದು ಬಯಕಿ ಊಟ ಹಾಕಾಕತ್ತೀನಲ್ಲ! ಆಕಿ ಇಂಗ್ಲಿಷಿನಾಗ ಹೇಳಿದ್ದು ನನಗೇನ್ ತಿಳೀತದ? ನಡೀರಿ, ವಾಪಸ್ ಇಟ್ಟ ಬರೋಣು.”

ಮಿಸ್ ಡಾನಾ ಹೇಳಿದ್ದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವುದು ನಿಧಿಯದೇ ಕೆಲಸವಾಗಿತ್ತು. ಅವಳು ಬಕೆಟ್ ಸಿಕ್ಕಿದ್ದೇ ತಡ ಓಡಿಹೋಗಿದ್ದಳು. ಈಗ ಅಜ್ಜಿಯ ಮೇಲೆ ಸಿಟ್ಟಾಗಬೇಕೋ, ತನ್ನ ಮೇಲೋ ಅವಳಿಗೆ ತಿಳಿಯಲಿಲ್ಲ.

“ಐದು ಕಲ್ಲಿಗೆ ಅಷ್ಟು ದೂರ ಡ್ರೈವ್ ಮಾಡ್ಬೇಕಾ ಅವ್ವಾ?” ಎಂದು ಅಪ್ಪ ರವಿಕಿರಣ್ ರಾಗ ತೆಗೆದ.

“ಬುಧವಾರ ನಾ ವಿಮಾನ ಹತ್ತಾಕಿ. ನನ್ನ ಕೈಲೆ ತಗೊಂಡೀನಿ, ನನ್ನ ಕೈಲೆ ಇಟ್ಟ ಹೋಗ್ತೀನಿ,” ಎಂದಳು ಅಜ್ಜಿ. ಅಪ್ಪ ಕಾರಿನ ಕೀ ಹುಡುಕಿದ.

ಹೊಳೆಯ ದಡದಲ್ಲಿ ಮಿಸ್ ಡಾನಾ ದುರ್ಬೀನು ಹಿಡಿದು ನಿಂತಿದ್ದರು. ಅಪ್ಪ ಕಾರ್ ಪಾರ್ಕ್ ಮಾಡುವಷ್ಟರಲ್ಲೇ ಅಜ್ಜಿ ಸೀರೆ ಎತ್ತಿ ಕಟ್ಟಿ, ಕಲ್ಲು, ಹೋಳಿಗೆ ಡಬ್ಬಿ ಹಿಡಿದು ನೀರಿಗೆ ಇಳಿಯಲು ಹೊರಟಿದ್ದಳು. ಮಿಸ್ ಡಾನಾ ಕೈ ಅಡ್ಡ ಹಿಡಿದು, ಮೆಲ್ಲಗೆ ಏನೋ ಹೇಳಿದರು.

ಈ ಸಲ ನಿಧಿ ಒಂದು ಮಾತೂ ಬಿಡದೆ ಹೇಳಿದಳು. “ಅಲ್ಲಿ ನೋಡು ಅಜ್ಜಿ, ಬೆಳ್ಳಗೆ ಕಾಣ್ತಿದ್ಯಲ್ಲ, ಅದು ಮೀನು ಕ್ಲೀನ್ ಮಾಡಿರೋ ಜಾಗ. ಎಗ್ಸ್ ಇಟ್ಟಾಗಿದೆ. ಕಾಲಿಟ್ರೆ ಒಡೆದು ಹೋಗತ್ತಂತೆ. ಕಲ್ಲು ಎಸೀಬಾರ್ದು. ಊಟಾನೂ ಹಾಕಬಾರ್ದು.”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಹೋದ ವಾರ ನೀರಿಗಿಳಿದು ಕಲ್ಲು ಹಾಕಿದ್ದು ಒಳ್ಳೆಯದು. ಈ ವಾರ ಅದೇ ಕೆಲಸ, ಅದೇ ಕಲ್ಲು, ಕೆಟ್ಟದ್ದು! ತಪ್ಪು ಸರಿಮಾಡಲು ಬಂದರೂ ತಪ್ಪೇ ಆಗುತ್ತದಲ್ಲ! ನಿಧಿಗೆ ಅಳು ಬರುವಂತಾಯಿತು.

“ಕುಂತು ನೋಡಬಹುದೇನು, ಕೇಳು,” ಎಂದಳು ಅಜ್ಜಿ.

ನಿಧಿ ಕೇಳಿದಳು. “ನೋಡಬಹುದಂತೆ.”

ಇಬ್ಬರೂ ಕೂತರು. ನೀರಿನ ತಳದಲ್ಲಿ ಒಂದು ಕಂದು ಮೀನು ಪಕ್ಕಕ್ಕೆ ಹೊರಳಿ ಬಾಲ ಬಡಿಯಿತು. ಸಣ್ಣ ಕಲ್ಲುಗಳು ಎದ್ದು ಮತ್ತೆ ಕೂತವು. ಅಜ್ಜಿ ಉಸಿರು ಬಿಗಿಹಿಡಿದು ನೋಡಿದಳು. ಆಮೇಲೆ ಐದೂ ಕಲ್ಲುಗಳನ್ನು ನಿಧಿಯ ಮಡಿಲಿಗೆ ಹಾಕಿದಳು.

“ಮರಿ ಎದ್ದು ಹೋದಮ್ಯಾಲೆ ನೀನ ಇಡು.”

“ನಿನ್ನ ಕೈಲೇ ಇಡ್ಬೇಕು ಅಂದ್ಯಲ್ಲ?”

“ನಿನ್ನ ಕೈ ಯಾರ್ದು ಮತ್ತ?” ಎಂದು ಅಜ್ಜಿ ಹೋಳಿಗೆ ಮುರಿದು ಅವಳ ಬಾಯಿಗಿಟ್ಟಳು.

ನಿಧಿ ಒಂದೊಂದೇ ಕಲ್ಲಿನ ಕುಂಕುಮ ಒರೆಸಿ ಜೇಬಿಗೆ ಹಾಕಿಕೊಂಡಳು. ಜಾಕೆಟ್ಟು ಒಂದು ಕಡೆ ಜಗ್ಗಿತು.

“ಇನ್ನೂ ಆಗಿಲ್ವಾ? ಬೇಗ ಹಾಕಿ ಬನ್ನಿ!” ಮೇಲಿಂದ ಅಪ್ಪ ದಡದಡ ಇಳಿದು ಬಂದ.

ನಿಧಿ ತುಟಿಯ ಮೇಲೆ ಬೆರಳಿಟ್ಟು, ತನ್ನ ಪಕ್ಕದ ಜಾಗ ತೋರಿಸಿದಳು. ಅಪ್ಪ ಅತ್ತಿತ್ತ ನೋಡಿ, ಹೆಜ್ಜೆ ಸಪ್ಪಳ ಮಾಡದೆ ಬಂದು ಕೂತ. ನಿಧಿ ಅವನಿಗೂ ಒಂದು ಹೋಳಿಗೆ ಕೊಟ್ಟಳು.