ರುಚಿ ನೋಡದೆ ಕುದಿಸಿದ ಸಾಸ್

ಪರದೆ ಸರಿದಿದ್ದು ಉಜ್ಮಾಳ ಕೈಯಿಂದಲ್ಲ, ಫ್ಯಾನಿನ ಗಾಳಿಗೆ.

ಗೋಕುಲ ರಸ್ತೆಯ ಆ ಡ್ರೈಫ್ರೂಟ್ ಅಂಗಡಿಯ ಹಿಂಬದಿಯಲ್ಲಿ ವಸೀಮ ಬಾಟಲಿ ಎತ್ತಿ ಗಟಗಟ ನೀರು ಕುಡಿಯುತ್ತಿದ್ದ. ರಂಜಾನಿನ ಕೊನೆಯ ಉಪವಾಸ, ಕೊನೆಯ ರೋಜಾ. ಅದೂ ನಡುಮಧ್ಯಾಹ್ನ!

ಕಣ್ಣುಗಳು ಕೂಡಿದವು. ಅವನು ಬಾಟಲಿ ಕೆಳಗಿಳಿಸಿದ.

ಇವನೇ... ಅಮ್ಮಿ ನೋಡಿಟ್ಟ ಹುಡುಗ ಇವನೇ. ಒಪ್ಪಿಗೆಯೋ ಅಲ್ಲವೋ, ಇವತ್ತು ಸಂಜೆ ಅವರ ಮನೆಗೆ ಫೋನ್ ಮಾಡಬೇಕು. ಫೋಟೋ ನೋಡಿಯೇ ಅವಳು ಮುಕ್ಕಾಲು ಒಪ್ಪಿದ್ದಳು. ಮಾಳಮಡ್ಡಿಯಿಂದ ಇಲ್ಲಿಯವರೆಗೆ ಬಂದಿದ್ದೂ ಕ್ರ್ಯಾನ್‌ಬೆರಿ ಹಣ್ಣು ಕೊಳ್ಳುವ ನೆಪದಲ್ಲಿ ಅವನನ್ನೊಮ್ಮೆ ನೋಡಲೆಂದೇ.

"ಉಜ್ಮಾ ಅವರ... ನಿಂದರ್ರಿ, ಒಂದ ಮಾತು..."

"ಏನೂ ಬ್ಯಾಡ್ರಿ."

ಹಣ್ಣಿನ ಪೊಟ್ಟಣ ಕೌಂಟರಿನ ಮೇಲೇ ಉಳಿಯಿತು.

"ಅಮ್ಮಿ, ಇಲ್ಲ ಅಂತ ಹೇಳಿಬಿಡು," ಎಂದಳು ಮನೆಗೆ ಬಂದವಳೇ.

"ಯಾಕ? ಏನಾತು?" ಚಾಂದಬಿ ಗಾಬರಿಯಾದರು.

ಉಜ್ಮಾ ಹೋಗಿ ಹಾಸಿಗೆಗೆ ಬಿದ್ದಳು. ಶಾಲೆಯ ಪಾಠ, ತಿದ್ದಬೇಕಾದ ಪರೀಕ್ಷೆಯ ಪೇಪರು, ನಸುಕಿನ ಸಹರಿ ಊಟ, ಮತ್ತೆ ಶಾಲೆ... ಈಗ ಇದೊಂದು!

ಹೊತ್ತು ಇಳಿಯುವಾಗ ವಸೀಮನೇ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಅಜಾನ್ ಆಗೂ ಹೊತ್ತಿನ್ಯಾಗ ಹಂಗ ಹೊಂಟ್ರ ಹೆಂಗ? ಕೂಡಪಾ," ಎಂದು ಚಾಂದಬಿ ಖರ್ಜೂರ ತರಲು ಒಳಗೆ ಹೋದರು.

ನಾಳೆ ಈದ್ ಊಟಕ್ಕೆ ಹುರಿದ ಕೋಳಿಯ ಜೊತೆ ಕ್ರ್ಯಾನ್‌ಬೆರಿ ಸಾಸ್ ಇರುತ್ತದೆಂದು ತಂಗಿ ಫಿಜಾ ಊರಿಗೆಲ್ಲ ಹೇಳಿಕೊಂಡಿದ್ದಳು. ಉಜ್ಮಾ ಒಲೆ ಹಚ್ಚಿದಳು. ಕಿತ್ತಳೆ ರಸದಲ್ಲಿ ಒಣಹಣ್ಣುಗಳು ಉಬ್ಬಿ ಮೆತ್ತಗಾದವು. ಅಂದಾಜಿನಲ್ಲೇ ಸಕ್ಕರೆ ಸುರಿದಳು. ರುಚಿ ನೋಡುವಂತಿಲ್ಲ, ರೋಜಾ.

ಅಡುಗೆಮನೆಯ ಬಾಗಿಲಲ್ಲಿ ನಿಂತವನತ್ತ ಚಮಚ ಚಾಚಿದಳು.

"ನಿಮಗೇನ್ರಿ, ರೋಜಾ ಇಲ್ಲ. ನೋಡಿ ಹೇಳ್ರಿ!"

ಚುಚ್ಚಿದ ಮಾತಿಗೆ ವಸೀಮ ಸಿಟ್ಟಾಗಲಿಲ್ಲ. ಬಾಯಿಗಿಟ್ಟುಕೊಂಡ.

"ನನಗ ಗೊತ್ತಾಗೂದಿಲ್ರಿ... ಗುಳಿಗಿ ನುಂಗಿ ನುಂಗಿ ಬಾಯಿ ಕೆಟ್ಟೈತಿ. ಎಲ್ಲಾ ಕಬ್ಬಿಣ ನೆಕ್ಕಿದಂಗ."

"ಯಾವ ಗುಳಿಗಿ?"

"ಟಿ.ಬಿ.ದು. ಇನ್ನ ಯಾರಿಗೂ ಹತ್ತೂದಿಲ್ಲ ಅಂದಾರ ಡಾಕ್ಟರು, ಆದ್ರ ರೋಜಾ ಬ್ಯಾಡಂತ. ಮದುವಿ ಆಗೂತನಾ ಹೇಳಬ್ಯಾಡ ಅಂದಾರ ಮನ್ಯಾಗ." ಅವನ ದನಿ ಕುಸಿಯಿತು. "ನೀವು ಇಲ್ಲ ಅಂದ್ರೂ ನಡೀತೈತ್ರಿ. ಮುಚ್ಚಿಟ್ಟು ಹೂಂ ಅನಿಸ್ಕೊಳ್ಳೂದು ನನಗ ಬ್ಯಾಡಾಗಿತ್ತು."

ಉಜ್ಮಾ ಒಲೆಯ ಉರಿ ತಗ್ಗಿಸಿದಳು.

ಹಸಿದವರ ನಡುವೆ, ದಿನವೂ ಪರದೆಯ ಹಿಂದೆ, ಕಳ್ಳನಂತೆ ನೀರು ಕುಡಿಯುವುದು... ನನಗಿಂತ ಇವನೇ ದಣಿದಿದ್ದಾನಲ್ಲ!

ಮಸೀದಿಯಿಂದ ಅಜಾನ್ ಕೇಳಿಸಿತು, ರೋಜಾ ಬಿಡುವ ಹೊತ್ತು. ಖರ್ಜೂರದ ತಟ್ಟೆ ಹಿಡಿದ ಚಾಂದಬಿ ಬಾಗಿಲಲ್ಲೇ ಇದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ಉಜ್ಮಾ ಒಂದು ಖರ್ಜೂರ ತಿಂದಳು. ಆಮೇಲೆ ವಸೀಮನ ಕೈಯಲ್ಲಿದ್ದ ಚಮಚವನ್ನೇ ತೆಗೆದುಕೊಂಡು ಸಾಸಿನಲ್ಲಿ ಅದ್ದಿ ಬಾಯಿಗಿಟ್ಟಳು.

"ಅಯ್ಯ, ಅದು ನನ್ನ ಎಂಜಲಾ..."

"ಗೊತ್ತೈತಿ."

"ಉಜ್ಮಾ..." ಚಾಂದಬಿ ತಟ್ಟೆ ಹಿಡಿದೇ ಕೇಳಿದರು. "ಆ ಫೋನು?"

"ಮಾಡು ಅಮ್ಮಿ. ನಾಳಿ ಊಟಕ್ಕ ಎಲ್ಲಾರೂ ಬರ್ರಿ ಅನ್ನು."

ಚಾಂದಬಿ ವಸೀಮನನ್ನು ದಿಟ್ಟಿಸಿ ನೋಡಿದರು. ಅವನ ಕೈಗೂ ಒಂದು ಖರ್ಜೂರ ಇಟ್ಟು ಫೋನ್ ಮಾಡಲು ಹೊರಗೆ ನಡೆದರು.

"ಹೆಂಗಾಗೈತ್ರಿ?" ಎಂದ ವಸೀಮ.

"ಹುಳಿ! ಭಾಳ ಹುಳಿ."

"ಸಕ್ಕರಿ ಹಾಕ್ರಿ ಮತ್ತ."

ಉಜ್ಮಾ ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕುಸಿದಳು. "ನೀವ ಹಾಕ್ರಿ. ನಾ ದಣದೇನಿ."

"ಎಷ್ಟಂತ ಹಾಕ್ಲಿ? ನನಗ ರುಚಿ..."

"ಹಾಕ್ಕೋತ ಹೋಗ್ರಿ," ಕಣ್ಣು ಮುಚ್ಚಿಕೊಂಡೇ ಅವಳು ನಕ್ಕಳು. "ಸಾಕಾದಾಗ ನಾ ಹೇಳ್ತೇನಿ."