ಮಾಸ್ತಿಯ ಗುದ್ದಲಿ ಕಳಚಿದ್ದು

ಕಾಮಿ ಬಂದು ಬೇಬಿ ಅಕ್ಕೋರ ಜಗಲಿಯಲ್ಲಿ ಕುಕ್ಕರಿಸಿದಾಗಲೇ, ಇವತ್ತೂ ಪೇಪರು ಓದಿ ಮುಗಿಯುವುದಿಲ್ಲವೆಂದು ದೇವಾನಂದನಿಗೆ ತಿಳಿದುಹೋಯಿತು. ಪೋಸ್ಟಿನ ಕೆಲಸದಿಂದ ನಿವೃತ್ತನಾದ ಮೇಲೆ ಅವನಿಗಿದ್ದ ಸುಖ ಅದೊಂದೇ. ಆದರೆ ಚಿತ್ತಾಕುಲದಲ್ಲಿ ಕೋಳಿ ಕಳೆದರೂ ಜನ ಮೊದಲು ಬರುತ್ತಿದ್ದದ್ದು ಹಿಂದೆ ಶಾಲೆಯ ಟೀಚರಾಗಿದ್ದ ಈ ಅಕ್ಕೋರ ಬಳಿಗೆ. ಅಕ್ಕೋರು ಹೊರಟರೆ ಪಕ್ಕದ ಮನೆಯ ದೇವಾನಂದನೂ ಹೊರಡಲೇಬೇಕು.

2006ರ ಮಾರ್ಚ್ ತಿಂಗಳು. ಕೇರಿಯ ಬಾವಿಗಳೆಲ್ಲ ಉಪ್ಪಾಗಿ, ಸಿಹಿನೀರು ಉಳಿದದ್ದು ಮಾಸ್ತಿಯ ಹಿತ್ತಲಲ್ಲಿ ಮಾತ್ರ. ಆ ಬಾವಿಯ ದಾರಿಗೆ ಮಾಸ್ತಿ ಈಗ ಮುಳ್ಳು ಹಾಕಿದ್ದ. ಹಿಂದಿನ ದಿನ ಅವನು ಮೆಣಸಿನ ಮಡಿ ಅಗೆಯುವಾಗ ಗುದ್ದಲಿಯ ತಲೆ ಮರದ ಕಾವಿನಿಂದ, ಅಂದರೆ ಹಿಡಿಯಿಂದ, ಹಾರಿ ಹೆಂಡತಿ ನಾಗುವಿನ ಕಾಲಿಗೆ ಬಿದ್ದು ಏಳು ಹೊಲಿಗೆ ಬಿದ್ದಿದ್ದವು. ದೋಣಿಯ ಮುರುಕು ಹುಟ್ಟಿನಿಂದ ಆ ಕಾವು ಮಾಡಿಕೊಟ್ಟವನು ಕಾಮಿಯ ಗಂಡ, ಮೀನುಗಾರ ಕುಪ್ಪ. ಬೇಲಿಯ ಮೇಲೆ ಬಲೆ ಒಣಹಾಕಿದ ಜಗಳದ ಸಿಟ್ಟಿಗೆ ಅವನೇ ತಲೆ ಬಿಗಿಯುವ ಬೆಣೆ ಕಿತ್ತನೆಂದು ಮಾಸ್ತಿ ಊರೆಲ್ಲ ಹೇಳಿದ್ದ.

"ಉಪ್ಪುನೀರು ಕುಡಿಸಿ ಮಕ್ಕಳನ್ನ ಸಾಕೂಕೆ ಆಗ್ತದ್ಯಾ ಅಕ್ಕೋರೆ?" ಎಂದಳು ಕಾಮಿ.

ಅಕ್ಕೋರ ಹಿಂದೆ ಹೋಗಿ ಮಾಸ್ತಿಯ ಹಿತ್ತಲು ನೋಡಿದಾಗ ದೇವಾನಂದನ ತಲೆ ಬಿಸಿಯಾಯಿತು. ನೀರಿನ ಪೈಪಿಗೆ ಒಂಬತ್ತು ಕಡೆ ಸೈಕಲ್ ಟ್ಯೂಬು ಸುತ್ತಿತ್ತು. ಗಿಡಕ್ಕೆ ನೀರು ಹನಿಸುವ ಝಾರಿಯ ಮೂತಿಗೆ ತೂತು ಹೊಡೆದ ಎಣ್ಣೆ ಡಬ್ಬಿ ಕಟ್ಟಿತ್ತು. ಒಂದು ಹೊಸ ಕಾವು ತಂದಿದ್ದರೆ ಯಾರ ಕಾಲಿಗೂ ಪೆಟ್ಟಾಗುತ್ತಿರಲಿಲ್ಲ.

ನಾಗು ಮೂರು ದಿನ ಅಗಸೂರಿನ ತವರಿಗೆ ಹೋಗಿ ಮೊನ್ನೆ ರಾತ್ರಿಯಷ್ಟೇ ಮರಳಿದ್ದಳೆಂದೂ, ನಿನ್ನೆ ಬೆಳಿಗ್ಗೆ ಗುದ್ದಲಿಯನ್ನು ಬೇಲಿಗೆ ಒರಗಿಸಿ ತಾನು ಚಾ ಕುಡಿಯಲು ಹೋದಾಗ ಕುಪ್ಪ ಅಲ್ಲೇ ಸುಳಿದಾಡುತ್ತಿದ್ದನೆಂದೂ ಮಾಸ್ತಿ ಹೇಳಿದ. ಅಕ್ಕೋರು ಕಾವಿನ ಮೇಲೆ ಬೆರಳಾಡಿಸಿದರು. ಬೆರಳಿಗೆ ಮಸಿ ಹತ್ತಿತು. ಗುದ್ದಲಿಯ ತಲೆ ಕೂರುವ ತುದಿ ಒಂದು ಗೇಣು ಕಪ್ಪಾಗಿತ್ತು. ಆಮೇಲೆ ಬೆಣೆ ಹುಡುಕಲು ದೇವಾನಂದನನ್ನು ಮಡಿಗೆ ಇಳಿಸಿದರು. ಮಂಡಿಯೂರಿ, ಮೈಯೆಲ್ಲ ಮಣ್ಣು ಮಾಡಿಕೊಂಡು, ನಾಗು ಬಿದ್ದ ಜಾಗದ ಪಕ್ಕದಲ್ಲೇ ಅವನಿಗೆ ಬೆಣೆಯಾಗಿದ್ದ ತೆಂಗಿನ ಕರಟದ ಚೂರು ಸಿಕ್ಕಿತು. ಅಕ್ಕೋರು ಕಾವಿನ ಕಪ್ಪು ತುದಿಯನ್ನು ದನದ ಕಲ್ಲುಬಾನಿಯ ನೀರಿಗೆ ಇಳಿಬಿಟ್ಟು, ನಾಗು ಆಸ್ಪತ್ರೆಯಿಂದ ಬಂದ ಮೇಲೆ ಎಲ್ಲರೂ ಸೇರಬೇಕೆಂದರು. ಕೋಲು ನೆನೆಯಲಿ ಎಂದು ಇಡೀ ದಿನ ಕಾಯುವುದೇ? ದೇವಾನಂದ ಗೊಣಗುತ್ತ ಕೂತ.

ಸಂಜೆ ಎಲ್ಲರೂ ಅಂಗಳದಲ್ಲಿ ಸೇರಿದರು.

"ಬೇಲಿ ಹತ್ರ ಬೆಣೆ ಕಿತ್ತಿದ್ರೆ ಅದು ಮಡಿಗೆ ಹೆಂಗೆ ಬಂತು?" ಎಂದರು ಅಕ್ಕೋರು. "ಗುದ್ದಲಿ ಹಾರೋವರೆಗೂ ಬೆಣೆ ಅದರಲ್ಲೇ ಇತ್ತು. ಕುಗ್ಗಿದ್ದು ಕಾವು. ಆ ಒಂದು ಗೇಣು ದಿನಾ ನೀರಲ್ಲಿ ನಿಂತು ಕಪ್ಪಾಗಿದೆ. ನಿಲ್ಲಿಸ್ತಿದ್ದದ್ದು ಯಾರು?"

"ನಾನೇ," ಎಂದಳು ನಾಗು. "ಸಮುದ್ರದಲ್ಲಿ ನೆಂದ ಮರ, ಒಣಗಿದ್ರೆ ಕುಗ್ತದೆ, ಬಾನಿಲಿ ಇಡು ಅಂತ ಕುಪ್ಪಣ್ಣ ಹೇಳಿದ್ದ."

"ನೀನು ಇಲ್ಲದ ಮೂರು ದಿನ ಅದು ಬಾನಿಯಲ್ಲಿರಲಿಲ್ಲ. ಹೊಗೆಗೆ ಒಣಗಿ ಮಸಿ ಹಿಡಿದಿದೆ. ಒಲೆ ಮೇಲಿನ ಅಟ್ಟಕ್ಕೆ ಏರಿಸಿದ್ದು ಯಾರು ಮಾಸ್ತಿ?"

ಮಾಸ್ತಿ ತಲೆ ಕೆರೆದುಕೊಂಡ. "ನೀರಲ್ಲಿ ಕೊಳೀತದೆ ಅಂದ್ಕಂಡೆ. ಈ ಹೆಂಗಸಿಗೆ ಬುದ್ಧಿ ಇಲ್ಲ, ಬಾನಿಲಿ ಮರ್ತು ಹೋಗಿದೆ ಅಂತ ನಾನೇ ಜೋಪಾನ ಇಟ್ಟೆ."

ನಾಗು ಬ್ಯಾಂಡೇಜಿನ ಕಾಲನ್ನು ಮುಂದೆ ಚಾಚಿ ಗಂಡನನ್ನೇ ನೋಡಿದಳು.

ಅಕ್ಕೋರು ನೆನೆದ ಕಾವಿಗೆ ಗುದ್ದಲಿಯ ತಲೆ ಕೂರಿಸಿ ಅದೇ ಬೆಣೆ ಬಡಿಸಿದರು. ಮಾಸ್ತಿ ಜಗ್ಗಿದ, ದೇವಾನಂದ ಜಗ್ಗಿದ. ಬರಲಿಲ್ಲ. ಮಾಸ್ತಿ ಎದ್ದುಹೋಗಿ ದಾರಿಯ ಮುಳ್ಳು ಎಳೆದು ಹಾಕಿ, ಇನ್ನು ನೀರು ಒಯ್ಯಬಹುದೆಂದ. ನೀರು ತರಲು ಕುಪ್ಪ ಏಳಹೊರಟ, ಕಾಮಿ ಅವನ ಪಂಚೆ ಹಿಡಿದು ಕೂರಿಸಿದಳು.

"ಊರ ಎದುರು ಇವರ ಹೆಸರು ಕೆಡಿಸಿದವರು ನೀವು. ಇವತ್ತಿನ ನೀರು ನೀವೇ ತಂದು ಹಾಕಿ," ಎಂದಳು ಮಾಸ್ತಿಗೆ.

ಬೇರೆಯವರ ಮನೆಗೆ ಎಂದೂ ನೀರು ಹೊರದ ಮಾಸ್ತಿ ಕೊಡ ಹೆಗಲಿಗಿಟ್ಟು ಇಡೀ ಕೇರಿ ನೋಡುತ್ತಿರುವಂತೆ ಕುಪ್ಪನ ಅಂಗಳಕ್ಕೆ ನಡೆದ. ಕಾಮಿ ತಾಮ್ರದ ಹಂಡೆಯ ಮುಚ್ಚಳ ತೆಗೆದಳು.

"ಇದಕ್ಕೇ ಹಾಕಿ ಮಾಸ್ತಿಯಣ್ಣ," ಎಂದಳು. "ತುಂಬೂಕೆ ಇನ್ನೂ ಆರು ಕೊಡ ಬೇಕು."